ಸಹಿ ಬೀಳುವವರೆಗೂ ಏಳಲಿಲ್ಲ: 1977ರ ಸ್ಯಾನ್ ಫ್ರಾನ್ಸಿಸ್ಕೋ ಧರಣಿ

1977ರ ಏಪ್ರಿಲ್ 5, ಮಂಗಳವಾರ. ಸ್ಯಾನ್ ಫ್ರಾನ್ಸಿಸ್ಕೋದ ಯುನೈಟೆಡ್ ನೇಷನ್ಸ್ ಪ್ಲಾಜಾದಲ್ಲಿ ಒಂದು ಸಭೆ ಸೇರಿತ್ತು. ವ್ಹೀಲ್‌ಚೇರಿನಲ್ಲಿ ಬಂದವರು, ಊರುಗೋಲು ಹಿಡಿದವರು, ಕಣ್ಣು ಕಾಣದವರು, ಕಿವಿ ಕೇಳಿಸದವರು, ಅವರ ಗೆಳೆಯರು. ಭಾಷಣ ಮುಗಿದ ಮೇಲೆ ಇವರಲ್ಲಿ ಬಹಳ ಮಂದಿ ಮನೆ ಕಡೆ ತಿರುಗಲಿಲ್ಲ. ಎದುರಿಗಿದ್ದ ಫೆಡರಲ್ ಕಟ್ಟಡದೊಳಗೆ ನುಗ್ಗಿದರು. ನಾಲ್ಕನೇ ಮಹಡಿಗೆ ಹೋಗಿ, ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆಯ ಪ್ರಾದೇಶಿಕ ನಿರ್ದೇಶಕರನ್ನು ಒಂದೇ ಪ್ರಶ್ನೆ ಕೇಳಿದರು. ಅಂಗವಿಕಲರಿಗೆ ಭೇದ ಮಾಡಬಾರದು ಎನ್ನುವ ಕಾನೂನಿನ ಸೆಕ್ಷನ್ 504ರ ನಿಯಮಗಳು ಏನಾದವು?

ಸೆಕ್ಷನ್ 504 ಅಂದರೆ ಏನು ಅನ್ನೋದೇ ಆ ನಿರ್ದೇಶಕರಿಗೆ ಸರಿಯಾಗಿ ಗೊತ್ತಿರಲಿಲ್ಲ.

ಕಚೇರಿ ಮುಚ್ಚುವ ಹೊತ್ತಾಯಿತು. ಸುಮಾರು 150 ಜನ ಅಲ್ಲೇ ಕೂತರು. ಅವರು ಕಟ್ಟಡ ಬಿಟ್ಟು ಹೊರಗೆ ಬಂದದ್ದು ಏಪ್ರಿಲ್ 30ಕ್ಕೆ. ಅಮೆರಿಕದ ಫೆಡರಲ್ ಕಟ್ಟಡವೊಂದರಲ್ಲಿ ಶಾಂತಿಯಿಂದ ನಡೆದ ಅತಿ ಉದ್ದದ ಧರಣಿ ಎಂದು ಇವತ್ತಿಗೂ ಇದನ್ನೇ ಹೆಸರಿಸುತ್ತಾರೆ.

ಎರಡನೇ ಮಹಾಯುದ್ಧದ ನಂತರದ ಅಮೆರಿಕ ಅಂದ ತಕ್ಷಣ ನಮಗೆ ಮಾರ್ಟಿನ್ ಲೂಥರ್ ಕಿಂಗ್, ವಿಯೆಟ್ನಾಂ, ವಾಟರ್‌ಗೇಟ್ ನೆನಪಾಗುತ್ತವೆ. ಈ ಧರಣಿ ನೆನಪಾಗುವುದಿಲ್ಲ. ನೆನೆದವರೂ ಇದನ್ನು ಧೈರ್ಯದ ಕಥೆ ಎಂದು ಹೇಳಿ ಮುಂದೆ ಹೋಗುತ್ತಾರೆ. ಧೈರ್ಯ ಇತ್ತು, ಬೇಕಾದಷ್ಟು ಇತ್ತು. ಆದರೆ ಈ ಪ್ರಕರಣವನ್ನು ಓದುವಾಗೆಲ್ಲ ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಊಟ ಯಾರು ತಂದರು? ರಾತ್ರಿ ಮಗ್ಗುಲು ಬದಲಿಸಲು ಆಗದವರನ್ನು ಯಾರು ತಿರುಗಿಸಿದರು? ಔಷಧಿ ಎಲ್ಲಿಟ್ಟರು? ಈ ಪ್ರಶ್ನೆಗಳ ಉತ್ತರದಲ್ಲೇ ಗೆಲುವಿನ ಗುಟ್ಟು ಇದೆ ಅಂತ ನನಗೆ ಅನ್ನಿಸುತ್ತದೆ.

ಒಂದು ವಾಕ್ಯ, ನಾಲ್ಕು ವರ್ಷ

ಮೊದಲು ಆ ಕಾನೂನಿನ ವಿಷಯ. 1973ರ ಪುನರ್ವಸತಿ ಕಾಯ್ದೆಯನ್ನು ಅಧ್ಯಕ್ಷ ನಿಕ್ಸನ್ ಎರಡು ಸಲ ತಿರಸ್ಕರಿಸಿದ್ದರು. ಖರ್ಚು ಜಾಸ್ತಿ ಅನ್ನೋದು ಕಾರಣ. ಮೂರನೇ ಸಲ, 1973ರ ಸೆಪ್ಟೆಂಬರ್ 26ರಂದು ಸಹಿ ಹಾಕಿದರು. ಆ ಕಾಯ್ದೆಯ ಕೊನೆಯಲ್ಲಿ ಒಂದು ವಾಕ್ಯ ಇತ್ತು. ಅದೇ ಸೆಕ್ಷನ್ 504. ಯೋಗ್ಯತೆ ಇರುವ ಯಾವ ಅಂಗವಿಕಲ ವ್ಯಕ್ತಿಯನ್ನೂ, ಅಂಗವಿಕಲತೆ ಎಂಬ ಒಂದೇ ಕಾರಣಕ್ಕೆ, ಫೆಡರಲ್ ಸರ್ಕಾರದ ಹಣ ಪಡೆಯುವ ಯಾವ ಕಾರ್ಯಕ್ರಮದಿಂದಲೂ ಹೊರಗಿಡುವಂತಿಲ್ಲ, ಅದರ ಪ್ರಯೋಜನ ತಪ್ಪಿಸುವಂತಿಲ್ಲ, ಅಲ್ಲಿ ಭೇದ ಮಾಡುವಂತಿಲ್ಲ. ಇಷ್ಟೇ ಅದರ ಸಾರ.

ಈ ವಾಕ್ಯದ ಮೇಲೆ ಸಂಸತ್ತಿನಲ್ಲಿ ಚರ್ಚೆಯೇ ನಡೆಯಲಿಲ್ಲ. ಸೆನೆಟ್ ಸಿಬ್ಬಂದಿ 1964ರ ನಾಗರಿಕ ಹಕ್ಕು ಕಾಯ್ದೆಯ ಮಾತುಗಳನ್ನೇ ತೆಗೆದುಕೊಂಡು ಇಲ್ಲಿ ಹೊಂದಿಸಿದ್ದರು. ಅಲ್ಲಿ ಬಣ್ಣ, ಜನಾಂಗ ಎಂದಿದ್ದ ಜಾಗದಲ್ಲಿ ಇಲ್ಲಿ ಅಂಗವಿಕಲತೆ ಬಂತು. ಕಾಣಲು ಸಣ್ಣ ಬದಲಾವಣೆ. ಆದರೆ ಅದರೊಂದಿಗೆ ಇಡೀ ವಿಷಯ ಕನಿಕರದ ಖಾತೆಯಿಂದ ಹಕ್ಕಿನ ಖಾತೆಗೆ ಬಂದುಬಿಟ್ಟಿತು.

(ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಕಾನೂನಿನಲ್ಲಿದ್ದ ಪದ ಹ್ಯಾಂಡಿಕ್ಯಾಪ್ಡ್. ಇವತ್ತು ಅಲ್ಲಿ ಆ ಪದದ ಬಳಕೆ ಬಹಳ ಕಡಿಮೆಯಾಗಿದೆ. ಕನ್ನಡದಲ್ಲೂ ಅಂಗವಿಕಲ ಎಂಬುದು ವಿಕಲಚೇತನ, ವಿಶೇಷಚೇತನ ಎಂದೆಲ್ಲ ಬದಲಾಗುತ್ತಾ ಬಂದಿದೆ. ಹೆಸರಿನ ಈ ಹುಡುಕಾಟವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಆ ಕಾಲದ ಕಾನೂನನ್ನು ಹೇಳುವಾಗ ಆ ಕಾಲದ ಪದವನ್ನೇ ಇಟ್ಟಿದ್ದೇನೆ.)

ಕಾನೂನು ಬಂತು, ಕೆಲಸ ಆಗಲಿಲ್ಲ. ಯಾಕೆ? ಭೇದ ಅಂದರೆ ಏನು ಎಂದು ಹೇಳುವ ನಿಯಮಗಳು ಬೇಕಿತ್ತು. ಬರೀ ಮೆಟ್ಟಿಲೇ ಇರುವ ಆಸ್ಪತ್ರೆ ಭೇದ ಮಾಡಿದ ಹಾಗಾ? ಕಣ್ಣು ಕಾಣದ ವಿದ್ಯಾರ್ಥಿಗೆ ಪರೀಕ್ಷೆಯನ್ನು ಬೇರೆ ರೀತಿ ಕೊಡದ ಕಾಲೇಜು? ಕಿವುಡ ರೋಗಿಗೆ ಸನ್ನೆ ಭಾಷೆ ಬಲ್ಲವರನ್ನು ಕರೆಸದ ವೈದ್ಯರು? ಇವಕ್ಕೆ ಉತ್ತರ ಬರೆದು, ಇಲಾಖೆಯ ಮುಖ್ಯಸ್ಥರು ಸಹಿ ಹಾಕುವವರೆಗೆ ಆ ವಾಕ್ಯ ಕಾಗದದಲ್ಲೇ ಇರುತ್ತದೆ. ಇಲಾಖೆಯ ವಕೀಲರು ಕರಡು ಸಿದ್ಧ ಮಾಡಿದರು. ಅಧ್ಯಕ್ಷ ಫೋರ್ಡ್ ಕಾಲದಲ್ಲಿ ಇಲಾಖೆಯ ಕಾರ್ಯದರ್ಶಿ, ಅಂದರೆ ನಮ್ಮ ಲೆಕ್ಕದಲ್ಲಿ ಮಂತ್ರಿ, ಆಗಿದ್ದ ಡೇವಿಡ್ ಮ್ಯಾಥ್ಯೂಸ್ ಸಹಿ ಹಾಕಲಿಲ್ಲ. ಜೇಮ್ಸ್ ಚೆರ್ರಿ ಎಂಬುವರು ಮೊಕದ್ದಮೆ ಹೂಡಿ 1976ರಲ್ಲಿ ಕೋರ್ಟಿನ ಆದೇಶವನ್ನೇ ತಂದರು. ಆದರೂ ಇಲ್ಲ. 1977ರ ಜನವರಿಯಲ್ಲಿ ಮ್ಯಾಥ್ಯೂಸ್ ಕಡತವನ್ನು ಹಾಗೇ ಬಿಟ್ಟು ಮನೆಗೆ ಹೋದರು.

ಹೊಸ ಅಧ್ಯಕ್ಷ ಜಿಮ್ಮಿ ಕಾರ್ಟರ್ ಚುನಾವಣೆಗೆ ಮೊದಲು ಮಾತು ಕೊಟ್ಟಿದ್ದರು. ಅವರ ಕಾರ್ಯದರ್ಶಿ ಜೋಸೆಫ್ ಕ್ಯಾಲಿಫ್ಯಾನೊ. ಈತ ಕೆಟ್ಟವರು ಅಂತ ಹೇಳುವುದು ಸುಲಭ, ಆದರೆ ಸರಿಯಲ್ಲ. ಅಧ್ಯಕ್ಷ ಜಾನ್ಸನ್ ಜೊತೆಗಿದ್ದು ಅರವತ್ತರ ದಶಕದ ದೊಡ್ಡ ಸುಧಾರಣೆಗಳಿಗೆ ದುಡಿದವರು. ಆದರೂ ಮೇಜಿನ ಮೇಲೆ ಬಂದ ನಿಯಮಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕು ಎಂದರು. ಖರ್ಚಿನ ಚಿಂತೆ ಇತ್ತು. ಮದ್ಯ ಮತ್ತು ಮಾದಕ ವ್ಯಸನಿಗಳನ್ನೂ ಇದರೊಳಗೆ ಸೇರಿಸಬೇಕೆ ಎಂಬ ಪ್ರಶ್ನೆ ಇತ್ತು. ನಾಲ್ಕು ವರ್ಷ ಕಾದವರಿಗೆ ಪರಿಶೀಲನೆ ಎಂಬ ಪದದ ಅರ್ಥ ಚೆನ್ನಾಗಿ ಗೊತ್ತಿತ್ತು. ನಿಯಮಗಳನ್ನು ಸಡಿಲ ಮಾಡುತ್ತಾರೆ ಎಂಬ ಸುದ್ದಿಯೂ ಹಬ್ಬಿತು. ಅಂಗವಿಕಲರ ಸಂಘಗಳ ರಾಷ್ಟ್ರೀಯ ಒಕ್ಕೂಟ ಗಡುವು ಕೊಟ್ಟಿತು. ಏಪ್ರಿಲ್ 4ರೊಳಗೆ ಒಂದಕ್ಷರ ಬದಲಿಸದೆ ಸಹಿ ಹಾಕಿ. ಇಲ್ಲದಿದ್ದರೆ ಮಾರನೇ ದಿನ ನಿಮ್ಮ ಕಚೇರಿಗಳಿಗೆ ಬರುತ್ತೇವೆ. ಒಕ್ಕೂಟದ ನಿರ್ದೇಶಕ ಫ್ರ್ಯಾಂಕ್ ಬೋ ಸ್ವತಃ ಕಿವುಡರು.

ಇವರು ಯಾರು

ಜೂಡಿ ಹ್ಯೂಮನ್ ಹುಟ್ಟಿದ್ದು 1947ರಲ್ಲಿ, ಬೆಳೆದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಒಂದೂವರೆ ವರ್ಷಕ್ಕೆ ಪೋಲಿಯೊ. ಐದು ವರ್ಷಕ್ಕೆ ಅಮ್ಮ ಶಾಲೆಗೆ ಕರೆದುಕೊಂಡು ಹೋದರೆ ಸೇರಿಸಿಕೊಳ್ಳಲಿಲ್ಲ. ವ್ಹೀಲ್‌ಚೇರಿನ ಮಗು, ಬೆಂಕಿ ಬಿದ್ದರೆ ಅಪಾಯ ಎಂದರು. ಮುಂದೆ ಓದಿ ಶಿಕ್ಷಕಿಯಾಗಲು ಹೊರಟಾಗ ನಗರದ ಶಿಕ್ಷಣ ಮಂಡಳಿ ಮತ್ತೆ ಅದೇ ಮಾತು ಹೇಳಿತು. 1970ರಲ್ಲಿ ಕೋರ್ಟಿಗೆ ಹೋದರು. ಕೇಸು ಬಂದದ್ದು ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಮುಂದೆ. ಫೆಡರಲ್ ಕೋರ್ಟಿನ ಮೊದಲ ಕಪ್ಪು ಮಹಿಳಾ ನ್ಯಾಯಾಧೀಶರು ಅವರು. ಮಂಡಳಿ ಬೇಗ ಮಣಿಯಿತು.

ಜೂಡಿಯದು ಒಂಟಿ ಕಥೆ ಅಲ್ಲ. 1952ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ 58,000ದಷ್ಟು ಪೋಲಿಯೊ ಪ್ರಕರಣಗಳು ಕಂಡವು. ಸಾಲ್ಕ್ ಲಸಿಕೆ ಬಂದದ್ದು 1955ಕ್ಕೆ. ಆ ಮಕ್ಕಳೆಲ್ಲ ಅರವತ್ತು ಎಪ್ಪತ್ತರ ದಶಕದಲ್ಲಿ ಯುವಕರಾದರು. ಹೊಸ ಔಷಧಿಗಳಿಂದ ಬೆನ್ನುಮೂಳೆ ಮುರಿದವರೂ ಬದುಕುವಂತಾಯಿತು. ವಿಯೆಟ್ನಾಂನಿಂದ ಕಾಲು ಕಳೆದುಕೊಂಡ ಸೈನಿಕರು ಮರಳಿದರು. ಇತ್ತ 1975ರಲ್ಲಿ ಅಮೆರಿಕದ ಸಂಸತ್ತೇ ಒಪ್ಪಿಕೊಂಡಿತು: 10 ಲಕ್ಷ ಅಂಗವಿಕಲ ಮಕ್ಕಳು ಸರ್ಕಾರಿ ಶಾಲೆಯಿಂದ ಪೂರ್ತಿ ಹೊರಗಿದ್ದಾರೆ. ಹತ್ತು ಲಕ್ಷ ಮಕ್ಕಳು! ಅಷ್ಟು ಶ್ರೀಮಂತ ದೇಶದಲ್ಲಿ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಚೆ ದಡದ ಬರ್ಕ್ಲಿಯಲ್ಲಿ 1972ರಲ್ಲಿ, ಅಂಗವಿಕಲರೇ ಅಂಗವಿಕಲರಿಗಾಗಿ ನಡೆಸುವ ಸ್ವತಂತ್ರ ಬದುಕಿನ ಕೇಂದ್ರ ಶುರುವಾಗಿತ್ತು. ಅದರ ಹಿಂದಿದ್ದವರಲ್ಲಿ ಒಬ್ಬರು ಎಡ್ ರಾಬರ್ಟ್ಸ್. 14ನೇ ವಯಸ್ಸಿಗೆ ಪೋಲಿಯೊ ತಗುಲಿ ಕತ್ತಿನ ಕೆಳಗೆ ಶಕ್ತಿ ಹೋಗಿತ್ತು. ಉಸಿರಾಟಕ್ಕೆ ಯಂತ್ರ ಬೇಕಿತ್ತು. ಕೆಲಸ ಮಾಡಲು ಅಯೋಗ್ಯ ಎಂದು ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆ ಅವರಿಗೆ ನೆರವು ನಿರಾಕರಿಸಿತ್ತು. 1975ರಲ್ಲಿ ಅದೇ ಇಲಾಖೆಗೆ ಅವರೇ ನಿರ್ದೇಶಕರಾದರು.

ಬ್ರ್ಯಾಡ್ ಲೋಮ್ಯಾಕ್ಸ್ ಅವರ ಹೆಸರನ್ನೂ ಇಲ್ಲಿ ಹೇಳಬೇಕು. ಕಪ್ಪು ಯುವಕ. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಸದಸ್ಯ. ನರಗಳನ್ನು ಕುಗ್ಗಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಿಂದ ವ್ಹೀಲ್‌ಚೇರ್ ಹಿಡಿದಿದ್ದರು. ಓಕ್‌ಲ್ಯಾಂಡಿನಲ್ಲಿ ಬಸ್ ಹತ್ತಬೇಕಾದರೆ ಅವರ ಸೋದರ ಅವರನ್ನು ಕುರ್ಚಿಯಿಂದ ಎತ್ತಿ, ಮೆಟ್ಟಿಲು ಹತ್ತಿಸಿ, ಕೂರಿಸಿ, ಮತ್ತೆ ಕೆಳಗಿಳಿದು ಕುರ್ಚಿ ತರಬೇಕಿತ್ತು. ಬರ್ಕ್ಲಿಯಲ್ಲಿರುವಂಥ ಕೇಂದ್ರ ಓಕ್‌ಲ್ಯಾಂಡಿನ ಬಡ ಬಡಾವಣೆಗೂ ಬೇಕು ಎಂದು ಎಡ್ ರಾಬರ್ಟ್ಸ್ ಹತ್ತಿರ ಹೋಗಿ ಕೇಳಿ, ಅದನ್ನು ಮಾಡಿಸಿದವರು ಲೋಮ್ಯಾಕ್ಸ್. ಈ ಗೆಳೆತನ ಮುಂದೆ ಏನು ಮಾಡಿತು ಎಂದು ನೋಡಿ.

ನಾಲ್ಕನೇ ಮಹಡಿಯ ಸಂಸಾರ

ಏಪ್ರಿಲ್ 5ರಂದು ಹಲವು ನಗರಗಳಲ್ಲಿ ಜನ ಇಲಾಖೆಯ ಕಚೇರಿಗಳಿಗೆ ಹೋದರು. ವಾಷಿಂಗ್ಟನ್‌ನಲ್ಲಿ ಸುಮಾರು 300 ಮಂದಿ ಕ್ಯಾಲಿಫ್ಯಾನೊ ಅವರ ಕಚೇರಿಯಲ್ಲೇ ಕೂತರು. ಅಧಿಕಾರಿಗಳು ಊಟ ಒಳಗೆ ಬಿಡಲಿಲ್ಲ. 28 ಗಂಟೆಗೆ ಆ ಧರಣಿ ಮುಗಿಯಿತು. ಉಳಿದ ಊರುಗಳಲ್ಲೂ ಬೇಗ ಮುಗಿಯಿತು. ಸ್ಯಾನ್ ಫ್ರಾನ್ಸಿಸ್ಕೋ ಒಂದೇ ನಿಂತಿತು.

ಆ ಊರಿನವರು ಬೇರೆಯವರಿಗಿಂತ ಗಟ್ಟಿ ಅಂತ ಅಲ್ಲ. ಅಲ್ಲಿ ಕಿಟಿ ಕೋನ್ ಎಂಬ ಸಂಘಟಕಿ ಇದ್ದರು. ಅವರಿಗೆ ಸ್ನಾಯು ಕ್ಷಯದ ಕಾಯಿಲೆ. ಯುದ್ಧ ವಿರೋಧಿ ಚಳವಳಿ, ನಾಗರಿಕ ಹಕ್ಕು ಚಳವಳಿ ಎರಡರಲ್ಲೂ ಪಳಗಿದ ಕೈ. ಏಪ್ರಿಲ್ 5ಕ್ಕೆ ವಾರಗಳ ಮೊದಲೇ ಅವರೂ ಜೂಡಿಯೂ ಸೇರಿ ಚರ್ಚುಗಳನ್ನು, ಕಾರ್ಮಿಕ ಸಂಘಗಳನ್ನು, ಕಪ್ಪು ಜನರ, ಲ್ಯಾಟಿನೊ ಜನರ, ಸಲಿಂಗಿಗಳ ಸಂಘಟನೆಗಳನ್ನು ಕಂಡು ಬಂದಿದ್ದರು. ಊಟಕ್ಕೆ, ವೈದ್ಯಕೀಯಕ್ಕೆ, ಪತ್ರಿಕೆಗೆ ಎಂದು ಸಮಿತಿಗಳಾದವು.

ಆದರೂ ಮೊದಲ ರಾತ್ರಿ ಕಷ್ಟದ್ದು. ಬಹಳ ಜನ ಬೆಳಗ್ಗೆ ಸಭೆಗೆಂದು ಬಂದವರು. ಬದಲಿ ಬಟ್ಟೆ ಇಲ್ಲ. ಹಾಸಿಗೆ ಇಲ್ಲ. ಮೂತ್ರನಳಿಕೆ ಬದಲಿಸಬೇಕಾದವರ ಬಳಿ ಇನ್ನೊಂದು ನಳಿಕೆ ಇಲ್ಲ. ದಿನಾ ಬೆಳಗ್ಗೆ ಎಬ್ಬಿಸಿ ಸ್ನಾನ ಮಾಡಿಸುವ ಸಹಾಯಕರು ಎಲ್ಲರ ಜೊತೆ ಇರಲಿಲ್ಲ. ಒಂದೇ ಮಗ್ಗುಲಲ್ಲಿ ರಾತ್ರಿಯಿಡೀ ಮಲಗಿದರೆ ಚರ್ಮ ಹುಣ್ಣಾಗುತ್ತದೆ, ಅದು ಜೀವಕ್ಕೇ ಅಪಾಯ. ಗಟ್ಟಿ ನೆಲದ ಮೇಲೆ ಮಲಗಿದ ಇಂಥ ಜನಕ್ಕೆ ಧರಣಿ ಅನ್ನೋದು ಬರೀ ಘೋಷಣೆ ಕೂಗುವ ಮಾತಲ್ಲ. ಪ್ರತಿ ರಾತ್ರಿಯೂ ಮೈಯನ್ನೇ ಪಣಕ್ಕೆ ಇಟ್ಟ ಹಾಗೆ.

ಅವರು ಒಬ್ಬರಿಗೊಬ್ಬರು ಕೈಯಾದರು. ನಡೆಯಬಲ್ಲವರು ನಡೆಯಲಾಗದವರನ್ನು ಎತ್ತಿದರು. ಕಣ್ಣು ಕಾಣದವರು ವ್ಹೀಲ್‌ಚೇರ್ ತಳ್ಳಿದರೆ ಕೂತವರು ದಾರಿ ಹೇಳಿದರು. ಔಷಧಿ ತಂಪಾಗಿಡಲು ಫ್ರಿಜ್ ಇರಲಿಲ್ಲ. ಹವಾನಿಯಂತ್ರಣದ ಯಂತ್ರಕ್ಕೆ ಒಂದು ಡಬ್ಬ ಅಂಟಿಸಿ, ಅದರಲ್ಲಿಟ್ಟರು. ಟೆಲಿಫೋನ್ ಬಳಕೆಗೆ ತಡೆ ಬಂತು. ಆಗ ಕಿವುಡ ಗೆಳೆಯರು ಕಿಟಕಿಯ ಬಳಿ ನಿಂತು ಕೆಳಗೆ ಬೀದಿಯಲ್ಲಿದ್ದವರಿಗೆ ಸನ್ನೆ ಭಾಷೆಯಲ್ಲಿ ಸುದ್ದಿ ಕಳಿಸಿದರು. ಕಾವಲುಗಾರರಿಗೆ ಅದು ಅರ್ಥವಾಗಲಿಲ್ಲ, ತಡೆಯಲೂ ಆಗಲಿಲ್ಲ. ಈ ಒಂದು ಚಿತ್ರ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಬೇರೆ ದಿನ ಯಾವುದನ್ನು ಕೊರತೆ ಎಂದು ಕರೆಯುತ್ತಿದ್ದರೋ, ಆವತ್ತು ಅದರ ಭಾಷೆಯೇ ಎಲ್ಲರ ದನಿಯಾಯಿತು.

ಇನ್ನು ಊಟ. ಲೋಮ್ಯಾಕ್ಸ್ ಅವರೂ, ಅವರನ್ನು ನೋಡಿಕೊಳ್ಳುತ್ತಿದ್ದ ಪ್ಯಾಂಥರ್ ಗೆಳೆಯ ಚಕ್ ಜ್ಯಾಕ್ಸನ್ ಅವರೂ ಒಳಗೇ ಇದ್ದರು. ಹೀಗಾಗಿ ಪ್ಯಾಂಥರ್ ಪಕ್ಷದವರು ಓಕ್‌ಲ್ಯಾಂಡಿನಿಂದ ಕೊಲ್ಲಿ ದಾಟಿ ಬಿಸಿ ಊಟ ತಂದರು. ಒಂದು ದಿನ ಅಲ್ಲ, ದಿನಾ. ಕಾವಲುಗಾರರು ತಡೆದಾಗ ಜಗ್ಗಲಿಲ್ಲ. ಊಟ ಒಳಗೆ ಹೋಗದೆ ನಾವು ಹೋಗಲ್ಲ ಎಂದು ಹಠ ಹಿಡಿದರು. 1969ರಿಂದ ಬಡ ಮಕ್ಕಳಿಗೆ ಉಚಿತ ತಿಂಡಿ ಮಾಡಿ ಹಾಕುತ್ತಿದ್ದ ಪಕ್ಷ ಅದು. ನೂರಾರು ಜನಕ್ಕೆ ಅಡುಗೆ ಮಾಡುವುದು ಅವರಿಗೆ ಕರಗತವಾಗಿತ್ತು. ಬಂದೂಕು ಹಿಡಿದವರು ಎಂಬ ಚಿತ್ರವಷ್ಟೇ ಗೊತ್ತಿರುವವರು ಈ ಅಡುಗೆಮನೆಯನ್ನೂ ನೆನಪಿಡಬೇಕು.

ಅವರೊಬ್ಬರೇ ಅಲ್ಲ. ವ್ಯಸನ ಬಿಟ್ಟವರು, ಜೈಲಿನಿಂದ ಬಂದವರು ನಡೆಸುವ ಡೆಲಾನ್ಸಿ ಸ್ಟ್ರೀಟ್ ಸಂಸ್ಥೆ ಊಟ ಕಳಿಸಿತು. ಗ್ಲೈಡ್ ಮೆಮೋರಿಯಲ್ ಚರ್ಚ್ ಜೊತೆಗೆ ನಿಂತಿತು. ಸಲಿಂಗಿ ಯುವಕರ ಕಾವಲು ತಂಡವಾದ ಬಟರ್‌ಫ್ಲೈ ಬ್ರಿಗೇಡ್ ವಾಕಿಟಾಕಿಗಳನ್ನು ಗುಟ್ಟಾಗಿ ಒಳಗೆ ಸಾಗಿಸಿತು. ಮೇಯರ್ ಜಾರ್ಜ್ ಮಾಸ್ಕೋನ್ ಹಾಸಿಗೆಗಳನ್ನೂ, ಸ್ನಾನಕ್ಕೆ ನೀರಿನ ಪೈಪುಗಳನ್ನೂ ಕಳಿಸಿದರು. ಇದು ಹೋಟೆಲ್ ಅಲ್ಲ ಎಂದು ಪ್ರಾದೇಶಿಕ ನಿರ್ದೇಶಕರು ಆಕ್ಷೇಪ ತೆಗೆದರು. ಹಾಸಿಗೆಗಳು ಬಂದವು.

ವಾಷಿಂಗ್ಟನ್ ಜನಕ್ಕೆ ಇದ್ದ ಹಟ ಇವರಿಗಿಂತ ಕಡಿಮೆ ಇರಲಿಲ್ಲ. ಅವರ ಹಿಂದೆ ಈ ಅಡುಗೆಮನೆ ಇರಲಿಲ್ಲ, ಅಷ್ಟೇ. ಇದೆಲ್ಲ ಸುಮ್ನೆ ಒದಗಿ ಬಂದದ್ದೂ ಅಲ್ಲ. ನೆರವನ್ನು ಕೇಳುವುದು, ಹೊಂದಿಸುವುದು, ಪಾಳಿ ಹಾಕುವುದು, ಬಂದವರಿಗೆ ಕೆಲಸ ಹೇಳಿಕೊಡುವುದು, ಇದು ಈ ಜನ ಪ್ರತಿ ಬೆಳಗ್ಗೆ ಹಾಸಿಗೆಯಿಂದ ಏಳಲು ಮಾಡುತ್ತಿದ್ದ ಕೆಲಸ. ಬೇರೆಯವರಿಗೆ ಅವಲಂಬನೆಯಾಗಿ ಕಂಡದ್ದು ನಿಜಕ್ಕೂ ಒಂದು ವಿದ್ಯೆ. ಆ ವಿದ್ಯೆಯೇ ಕಟ್ಟಡವನ್ನು ಹಿಡಿದು ನಿಲ್ಲಿಸಿತು.

ತಲೆ ಆಡಿಸಬೇಡಿ

ಏಪ್ರಿಲ್ 15ರಂದು ಸಂಸದರಾದ ಫಿಲಿಪ್ ಬರ್ಟನ್ ಮತ್ತು ಜಾರ್ಜ್ ಮಿಲ್ಲರ್ ಆ ಕಟ್ಟಡದಲ್ಲೇ ವಿಚಾರಣೆ ಏರ್ಪಡಿಸಿದರು. ಇಲಾಖೆಯ ಪರವಾಗಿ ವಾಷಿಂಗ್ಟನ್‌ನಿಂದ ಜೀನ್ ಐಡನ್‌ಬರ್ಗ್ ಬಂದರು. ಯಾವ ಯಾವ ಬದಲಾವಣೆ ಯೋಚಿಸುತ್ತಿದ್ದೇವೆ ಎಂದು ಅವರು ಓದುತ್ತಾ ಹೋದಂತೆ ಜನರ ಭಯ ನಿಜವಾಯಿತು. ಕೆಲವು ಮಕ್ಕಳಿಗೆ ಬೇರೆ ಶಾಲೆ, ಕೆಲವು ಸಂಸ್ಥೆಗಳಿಗೆ ರಿಯಾಯಿತಿ. ಬೇರೆಯಾದರೂ ಸಮಾನ ಎಂಬ ವಾದವನ್ನು ಕಪ್ಪು ಮಕ್ಕಳ ಶಾಲೆಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 1954ರಲ್ಲೇ ತಳ್ಳಿಹಾಕಿತ್ತು, ಅಲ್ವಾ? ಅದೇ ವಾದ ಬೇರೆ ಬಟ್ಟೆ ತೊಟ್ಟು ಬಂದಿತ್ತು.

ಓದಿ ಮುಗಿಸಿ ಐಡನ್‌ಬರ್ಗ್ ಎದ್ದು ಹೋಗಿ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡರು. ಬರ್ಟನ್ ಹಿಂದೆಯೇ ಓಡಿ, ಬಾಗಿಲು ಬಡಿದು, ಒದ್ದು, ಹೊರಗೆ ಬಂದು ಈ ಜನರ ಮಾತು ಕೇಳಿ ಎಂದು ಕೂಗಿದರು. ಐಡನ್‌ಬರ್ಗ್ ಮರಳಿ ಕೂತರು.

ಆಗ ಜೂಡಿ ಮಾತಾಡಿದರು. ದನಿ ನಡುಗುತ್ತಿತ್ತು. ಸರ್ಕಾರ ನಮ್ಮನ್ನು ತುಳಿಯುವುದನ್ನು ಇನ್ನು ಸಹಿಸುವುದಿಲ್ಲ ಎಂದರು. ಕಾನೂನು ಜಾರಿಯಾಗಬೇಕು, ಬೇರೆ ಇಡುವ ಮಾತು ಇನ್ನು ಬೇಡ ಎಂದರು. ಎದುರಿಗೆ ಕೂತ ಅಧಿಕಾರಿ ಒಪ್ಪಿದವರಂತೆ ತಲೆ ಆಡಿಸುತ್ತಿದ್ದರು. ಜೂಡಿ ಅವರನ್ನೇ ನೋಡಿ ಹೇಳಿದರು: ನಾವು ಏನು ಹೇಳುತ್ತಿದ್ದೇವೆ ಅನ್ನೋದು ನಿಮಗೆ ಅರ್ಥವಾಗಿದೆ ಅಂತ ನನಗೆ ಅನ್ನಿಸುವುದಿಲ್ಲ, ಹಾಗಾಗಿ ಒಪ್ಪಿದ ಹಾಗೆ ತಲೆ ಆಡಿಸುವುದನ್ನು ದಯವಿಟ್ಟು ನಿಲ್ಲಿಸಿ. ಕಟ್ಟಡದಲ್ಲಿದ್ದವರು ಅತ್ತರು. ಬರ್ಟನ್ ಕಣ್ಣೀರು ಹಾಕಿದರು.

ಲಾರಿಯ ಕತ್ತಲು

ಅಷ್ಟಾದರೂ ಸಹಿ ಬರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಮಂದಿಯ ತಂಡವೊಂದು ವಾಷಿಂಗ್ಟನ್‌ಗೆ ಹೊರಟಿತು. ಉಳಿದವರು ಕಟ್ಟಡ ಬಿಡಲಿಲ್ಲ. ವಿಮಾನ ನಿಲ್ದಾಣದಲ್ಲಿ ಮೆಷಿನಿಸ್ಟ್ ಕಾರ್ಮಿಕ ಸಂಘದವರು ಬಾಡಿಗೆಗೆ ಹಿಡಿದ ಲಾರಿಯೊಂದಿಗೆ ಕಾದಿದ್ದರು. ವ್ಹೀಲ್‌ಚೇರ್ ಹತ್ತಿಸಬಹುದಾದ ಬಸ್ ರಾಜಧಾನಿಯಲ್ಲಿ ಇರಲಿಲ್ಲ. ಸಾಮಾನು ಸಾಗಿಸುವ ಲಾರಿ. ಹಿಂಬಾಗಿಲು ಹಾಕಿದರೆ ಒಳಗೆ ಪೂರ್ತಿ ಕತ್ತಲು. ಕುರ್ಚಿಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲಬೇಕು. ಅದರಲ್ಲೇ ಕ್ಯಾಲಿಫ್ಯಾನೊ ಮನೆಯ ಮುಂದೆ ಹೋಗಿ ಮೇಣದಬತ್ತಿ ಹಚ್ಚಿ ರಾತ್ರಿ ಕಳೆದರು. ಅಧ್ಯಕ್ಷರು ಪ್ರಾರ್ಥನೆಗೆ ಹೋಗುವ ಚರ್ಚಿನ ಹೊರಗೆ ನಿಂತರು. ಸೆನೆಟರುಗಳಾದ ಅಲನ್ ಕ್ರಾನ್‌ಸ್ಟನ್, ಹ್ಯಾರಿಸನ್ ವಿಲಿಯಮ್ಸ್ ಅವರನ್ನು ಕಂಡರು. ಮಲಗಿದ್ದು ಒಂದು ಚರ್ಚಿನ ನೆಲದ ಮೇಲೆ.

1977ರ ಏಪ್ರಿಲ್ 28ರಂದು ಕ್ಯಾಲಿಫ್ಯಾನೊ ಸಹಿ ಹಾಕಿದರು. ಧರಣಿ ಕೂತವರು ಕೇಳಿದ್ದ ಸತ್ವ ನಿಯಮಗಳಲ್ಲಿ ಉಳಿದಿತ್ತು. ಸ್ಯಾನ್ ಫ್ರಾನ್ಸಿಸ್ಕೋದವರು ಸುದ್ದಿ ಕೇಳಿದ ಕೂಡಲೇ ಹೊರಡಲಿಲ್ಲ. ಇನ್ನೆರಡು ರಾತ್ರಿ ಅಲ್ಲೇ ಇದ್ದು, 30ರಂದು ಹಾಡುತ್ತಾ ಹೊರಗೆ ಬಂದರು.

ಆಮೇಲೆ

ಫೆಡರಲ್ ಹಣ ಪಡೆಯುವ ಶಾಲೆ, ಕಾಲೇಜು, ಆಸ್ಪತ್ರೆ, ಗ್ರಂಥಾಲಯಗಳು ಬಾಗಿಲು ಬದಲಿಸಬೇಕಾಯಿತು, ರ‍್ಯಾಂಪ್ ಕಟ್ಟಬೇಕಾಯಿತು, ಸನ್ನೆ ಭಾಷೆ ಬಲ್ಲವರನ್ನು ಕರೆಸಬೇಕಾಯಿತು. ಆದರೆ ಖಾಸಗಿ ಅಂಗಡಿ, ಸಿನಿಮಾ ಮಂದಿರ, ಹೋಟೆಲುಗಳನ್ನು 504 ಮುಟ್ಟಲಿಲ್ಲ. ಅದಕ್ಕೆ 1990ರ ಜುಲೈ 26ರಂದು ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದ ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆ್ಯಕ್ಟ್ ಬೇಕಾಯಿತು. ನಡುವೆ ರೇಗನ್ ಸರ್ಕಾರ 504ರ ನಿಯಮಗಳನ್ನು ಸಡಿಲಿಸಲು ನೋಡಿತು. ರಾಶಿ ರಾಶಿ ಪತ್ರಗಳು ಬಂದ ಮೇಲೆ 1983ರಲ್ಲಿ ಕೈಬಿಟ್ಟಿತು. 26 ದಿನ ಜೊತೆಗೆ ಕೂತು ಎದ್ದ ಜನ ಊರೂರಿಗೆ ಹೋಗಿ ಸಂಘ ಕಟ್ಟಿದ್ದು ಆಗ ಕೈ ಹಿಡಿಯಿತು. ಜೂಡಿ ಹ್ಯೂಮನ್ ಮುಂದೆ ಕ್ಲಿಂಟನ್ ಮತ್ತು ಒಬಾಮಾ ಸರ್ಕಾರಗಳಲ್ಲಿ ಕೆಲಸ ಮಾಡಿದರು. 2023ರ ಮಾರ್ಚಿನಲ್ಲಿ ತೀರಿಕೊಂಡರು.

ಬಸ್ಸಿನ ವಿಷಯ ಮಾತ್ರ ಎಲ್ಲಕ್ಕಿಂತ ತಡವಾಯಿತು. 504ರ ಅಡಿಯಲ್ಲಿ ಬಸ್ಸುಗಳಿಗೂ ನಿಯಮ ಬಂತು. ಸಾರಿಗೆ ಸಂಸ್ಥೆಗಳ ಸಂಘ ಕೋರ್ಟಿಗೆ ಹೋಗಿ 1981ರಲ್ಲಿ ಗೆದ್ದಿತು. ಡೆನ್ವರ್ ನಗರದಲ್ಲಿ ವ್ಹೀಲ್‌ಚೇರಿನವರು ಬಸ್ಸುಗಳ ಮುಂದೆಯೇ ಕೂತು ಹೋರಾಡಿದರು. ಹೊಸದಾಗಿ ಕೊಳ್ಳುವ ಪ್ರತಿ ಸಾರ್ವಜನಿಕ ಬಸ್ಸಿಗೂ ವ್ಹೀಲ್‌ಚೇರ್ ಹತ್ತುವ ವ್ಯವಸ್ಥೆ ಕಡ್ಡಾಯವಾದದ್ದು 1990ರ ಕಾನೂನಿನಿಂದ. ಬ್ರ್ಯಾಡ್ ಲೋಮ್ಯಾಕ್ಸ್ 1984ರಲ್ಲೇ ತೀರಿಕೊಂಡಿದ್ದರು. ಆಗ ಅವರಿಗೆ ಇನ್ನೂ ಮೂವತ್ತರ ಆಸುಪಾಸಿನ ವಯಸ್ಸು.